ಜೆಟ್ಟಿಯ ಮೇಲೆ ಅಪ್ಪ ಹಿಡಿದ ಮೀನು

ಭಾನುವಾರ, ಬೇಸಿಗೆಯ ಆರಂಭ

ಮಗಳಿಗೆ,

ಆಶೀರ್ವಾದ. ಮನೆಗೆ ಬರಬೇಡ ಎಂದಿದ್ದೆನೇ ಹೊರತು ಆಶೀರ್ವಾದವನ್ನು ಹಿಂದಕ್ಕೆ ತೆಗೆದುಕೊಂಡಿರಲಿಲ್ಲ. ಆ ಬಣ್ಣ ಬಳಿಯುವವನ ಹಿಂದೆ ನೀನು ಹೋದದ್ದು ಸರಿಯೆಂದು ಈಗಲೂ ಹೇಳುವುದಿಲ್ಲ. ಬರೆಯುತ್ತಿರುವುದು ನಿನ್ನ ಅಪ್ಪನ ವಿಷಯಕ್ಕೆ.

ಅವರು ಊಟ ಬಿಟ್ಟಿದ್ದಾರೆ. ಹೊಟ್ಟೆಯ ಆಪರೇಷನ್ ಆದಮೇಲೆ ಏನು ಬಡಿಸಿದರೂ ತಟ್ಟೆ ಪಕ್ಕಕ್ಕೆ ಸರಿಸುತ್ತಾರೆ. ಹೀಗೇ ಆದರೆ ಈ ಬೇಸಿಗೆ ದಾಟುವುದು ಕಷ್ಟ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಗದರಿದೆ, ಬೇಡಿಕೊಂಡೆ. ಬೇಡಿಕೊಂಡದ್ದನ್ನು ಯಾರಿಗೂ ಹೇಳಬೇಡ. ಕೊನೆಗೆ ಅವರೇ, "ಕೆರೆ ಜೆಟ್ಟೀಲಿ ಕೂತು ನಾನೇ ಒಂದು ಪರ್ಚ್ ಹಿಡಿದ್ರೆ ತಿಂತೀನಿ ಕಣೆ" ಎಂದರು.

ಈ ದಿನಗಳಲ್ಲಿ ಆ ಪಟ್ಟೆಪಟ್ಟೆ ಮೀನು ದಡಕ್ಕೆ ಹಿಂಡುಹಿಂಡಾಗಿ ಬರುವುದು ನಿನಗೇ ಗೊತ್ತು. ಈ ವರ್ಷ ಬಂದಿಲ್ಲ. ದಿನವೂ ಕೈಹಿಡಿದು ನೀರಿನೊಳಕ್ಕೆ ಚಾಚಿದ ಆ ಹಲಗೆ ಜೆಟ್ಟಿಯ ತುದಿಗೆ ಕರೆದೊಯ್ದು ಕುರ್ಚಿ ಹಾಕಿಕೊಟ್ಟೆ. ಗಾಳಕ್ಕೆ ಎರೆಹುಳು ಚುಚ್ಚಿದವಳೂ ನಾನೇ. ನೀರ ಮೇಲೆ ತೇಲುವ ಬೆಂಡು ಅಲ್ಲಾಡುತ್ತಿರಲಿಲ್ಲ. ದೋಣಿಯವನು ಹಾದುಹೋಗುತ್ತಾ, "ಏನ್ ಯಜಮಾನ್ರೇ, ಮೀನಿಗೆ ಈಜು ಕಲಿಸ್ತಿದ್ದೀರಾ?" ಎಂದು ಕೆಣಕಿದ. ನಾನು ನೋಡಿದ ನೋಟಕ್ಕೆ ಆಚೆ ದಡ ಸೇರಿದ.

ಮೊನ್ನೆ ಪೇಟೆಯಿಂದ ಒಂದು ಪರ್ಚ್ ತಂದೆ. ಅವರು ತೂಕಡಿಸುವಾಗ ಸದ್ದಿಲ್ಲದೆ ಅದನ್ನು ಗಾಳಕ್ಕೆ ಸಿಕ್ಕಿಸಿ ನೀರಿಗೆ ಬಿಟ್ಟೆ. "ಏಳ್ರೀ, ಬೆಂಡು ಮುಳುಗ್ತು!" ಎಂದು ಕೂಗಿದೆ. ಎರಡೂ ಕೈಯಲ್ಲಿ ಎಳೆದರು. ಮುಖಕ್ಕೆ ಹಳೆಯ ಕಳೆ ಬಂದದ್ದನ್ನು ಕಣ್ಣಾರೆ ಕಂಡೆ. ಮೀನನ್ನು ಮಡಿಲಲ್ಲಿಟ್ಟುಕೊಂಡು ಹೊರಳಿಸಿ ನೋಡಿದರು. ಆಗ ನನ್ನ ತಪ್ಪು ನನಗೂ ಕಂಡಿತು.

ನನ್ನದು ಇಷ್ಟು ವರ್ಷ ಊಟದಂಗಡಿ ನಡೆಸಿದ ಕೈ. ಮೀನು ಸಿಕ್ಕರೆ ತಾನಾಗಿ ಚಾಕು ಹುಡುಕುತ್ತದೆ. ಪೊರೆ ಹೆರೆದು, ಹೊಟ್ಟೆ ಸೀಳಿ, ತೊಳೆದೇ ಜೆಟ್ಟಿಗೆ ತಂದಿದ್ದೆ. ನನ್ನ ಕಣ್ಣಿಗೆ ಮೀನೆಂದರೆ ಹಾಗೇ ಇರುವುದು.

"ಈ ಕೆರೆ ಮೀನು ಕರುಳು ಮನೇಲಿಟ್ಟು, ಸ್ನಾನ ಮಾಡ್ಕೊಂಡು ಬರ್ತಾವೇನೆ?" ಎಂದು ನಕ್ಕರು. ನಾನೂ ನಕ್ಕೆ. ನಗುತ್ತಲೇ ಮನೆಗೆ ಬಂದೆವು. ಇನ್ನೇನು ತಿಂದೇ ಬಿಡುತ್ತಾರೆ ಎಂದುಕೊಂಡು ಹುರಿದುಕೊಟ್ಟೆ. ತುತ್ತನ್ನು ಬಾಯಿಯವರೆಗೆ ಒಯ್ದು ಕೆಳಗಿಟ್ಟರು. "ನಿನ್ನ ನೋಯಿಸ್ಬೇಕಂತಲ್ಲ. ಒಳಗೇ ಹೋಗ್ತಿಲ್ಲ ಕಣೆ" ಎಂದರು.

ಅಂದು ಗೋಡೆಯ ಕಡೆ ತಿರುಗಿ ಮಲಗಿದವರು ಎದ್ದಿಲ್ಲ. ಚಮಚದಲ್ಲಿ ನೀರು ಮಾತ್ರ. ಈ ಮನೆಯಲ್ಲಿ ನನ್ನ ಮಾತು ಮೀರಿದವಳು ನೀನೊಬ್ಬಳೇ ಎಂದುಕೊಂಡಿದ್ದೆ. ಈಗ ಅವರೂ ಮೀರುತ್ತಿದ್ದಾರೆ. ಯಾರ ಮೇಲೆ ಕೂಗಾಡಿದರೆ ಇದು ನಿಲ್ಲುತ್ತದೋ ತಿಳಿಯುತ್ತಿಲ್ಲ.

ತಿಳಿಸುವುದು ನನ್ನ ಕರ್ತವ್ಯ, ತಿಳಿಸಿದ್ದೇನೆ. ಬರುವುದು ಬಿಡುವುದು ನಿನಗೆ ಸೇರಿದ್ದು.

ಇಂತಿ,
ನಿನ್ನನ್ನು ಹೆತ್ತವಳು

ತಾ.ಕ.: ಬರೆಯುವುದನ್ನು ಅವರು ಮಲಗಿದಲ್ಲೇ ಹೊರಳಿ ನೋಡಿಬಿಟ್ಟರು. "ಅವಳನ್ನ ಕರಿ. ನನಗೋಸ್ಕರ ಅಲ್ಲ. ನಾನು ಹೋದ್ಮೇಲೆ ನೀನು ಯಾರ ಜೊತೆ ಜಗಳ ಆಡ್ತೀಯ?" ಎಂದರು. ನೀನು ಬಂದಾಗ ನನ್ನ ಬಾಯಿಂದ ಮಾತು ಹೊರಡದಿದ್ದರೆ ತಿರುಗಿ ಹೋಗಬೇಡ. ಸ್ವಲ್ಪ ಹೊತ್ತು ನಿಂತಿರು.