ಹಾಜರಿಯಲ್ಲಿ ಬನಶಂಕರಿ

ಸೆಪ್ಟೆಂಬರ್ 9, ಮಂಗಳವಾರ

ಇವತ್ತೂ ಸರ್ ಹಾಜರಿಯಲ್ಲಿ ನನ್ನ ಹೆಸರಾದ ಮೇಲೆ "ಬನಶಂಕರಿ" ಅಂತ ಕೂಗಿದರು. ಕಾಲೇಜು ಶುರುವಾಗಿ ಮೂರು ವಾರ, ದಿನಾ ಹೀಗೇ. ನಮ್ಮೂರು ದೊಡ್ಡಬೆಳವಂಗಲದಿಂದ ನಾನೂ ಅವಳೂ ಒಟ್ಟಿಗೇ ಅರ್ಜಿ ಹಾಕಿದ್ದೆವು. ಜುಲೈನಲ್ಲಿ ಡೆಂಗ್ಯೂ ಬಂದು ಅವಳು ಹೋಗಿಬಿಟ್ಟಳು. ಹೊಸ ಕ್ಲಾಸಿನಲ್ಲಿ ಬಾಯಿ ಬಿಡೋಕೆ ನನಗೆ ಭಯ. ಅದಕ್ಕೇ ಇಷ್ಟು ದಿನ ಸುಮ್ಮನಿದ್ದೆ.

"ಯಾರ್ರೀ ಈ ಹುಡುಗಿ? ಒಂದಿನಾನೂ ಬಂದಿಲ್ಲ. ಯಾರಿಗಾದ್ರೂ ಗೊತ್ತಾ?" ಅಂದರು ಸರ್.

ಎದ್ದು ನಿಂತೆ. "ಅವಳು ತೀರ್ಕೊಂಡ್ಳು ಸರ್."

ಅವರು ಹೆಸರಿನ ಮೇಲೆ ಗೀಟೆಳೆದರು. ಕೊನೇ ಬೆಂಚಿಗೂ ಪೆನ್ನಿನ ಸದ್ದು ಕೇಳಿಸಿತು.

ಹೇಳಬಾರದಿತ್ತು. ದಿನಕ್ಕೊಂದು ಸಲ ಅವಳನ್ನು ಕರೆಯೋರಾದರೂ ಇದ್ದರು. ಕರೆದಾಗೆಲ್ಲ, ತಡವಾಗಿ ಓಡಿ ಬರ್ತಾಳೇನೋ ಅಂತ ಬಾಗಿಲ ಕಡೆ ನೋಡ್ತಿದ್ದೆ. ನಾಳೆಯಿಂದ ನೋಡೋಕೆ ನೆಪವೂ ಇಲ್ಲ.