ನಿಂತ ಮೇಲೂ ಮುಂದುವರಿಯುವ ಯಂತ್ರ

ಕ್ರಿ.ಶ. ೨೨೧೪, ಮೂರನೆಯ ವೈಶಾಖ, ಬಹುಳ ನವಮಿ
ಕೋಲಾರದ ಹಳೆಯ ಗಣಿ, ಎರಡನೆಯ ಸುರಂಗ

ಹಿಂದಿನ ಕಾಲದವರಿಗೆ,

ನನ್ನ ತಂಗಿ ಆ ಬಾಗಿಲಿನ ಒಳಗಿದ್ದಾಳೆ ಎಂಬುದನ್ನು ಬರೆಯಬಾರದು ಎಂದುಕೊಂಡಿದ್ದೆ. ಬರೆದರೆ, ಕಾಗದ ಬರೆದವಳಿಗೆ ಕಂಡದ್ದು ಯಂತ್ರದ ದೋಷವಲ್ಲ, ಬರೀ ಭಯ ಎಂದು ನೀವು ಈ ಕಾಗದವನ್ನು ಪಕ್ಕಕ್ಕಿಡಬಹುದು. ನನಗೂ ಆ ಅನುಮಾನ ಪೂರ್ತಿ ಹೋಗಿಲ್ಲ. ಆದರೂ ಅವಳು ಒಳಗಿದ್ದಾಳೆ. ಅದನ್ನು ಮೊದಲೇ ಹೇಳಿಬಿಡುವುದು ಮೇಲು.

ಮೇಲಿನ ತಿಥಿ ನಿಮಗೆ ಸುಳ್ಳೆನಿಸಬಹುದು. ಬೇಸಿಗೆ ಮುಗಿಯದಿದ್ದರೆ ನಮ್ಮ ಪಂಚಾಂಗದವರು ವೈಶಾಖವನ್ನೇ ಮತ್ತೆ ಎಣಿಸುತ್ತಾರೆ. ಮಾತುಗಳೂ ವಿಚಿತ್ರವಾಗಿದ್ದರೆ ಕ್ಷಮಿಸಿ. ನಾನು ಓದಿದ್ದು ಇಂಗ್ಲಿಷ್ ಶಾಲೆಯಲ್ಲಿ, ಯಂತ್ರದ ಬರಹ ಓದುವ ಈ ಕೆಲಸದ ಹೆಸರುಗಳನ್ನು ಕನ್ನಡದಲ್ಲಿ ಕಲಿತದ್ದು ದೊಡ್ಡವಳಾದ ಮೇಲೆ. ಕಳೆದ ಕಾಲಕ್ಕೆ ಕಾಗದ ಒಯ್ಯುವ ಹಿಂದಂಚೆ ಅಮಾವಾಸ್ಯೆಗೊಮ್ಮೆ ಮಾತ್ರ ಹೊರಡುತ್ತದೆ. ಅದರಲ್ಲಿ ಉತ್ತರ ಬರುವುದಿಲ್ಲ.

ನೆಲದ ಮೇಲೆ ಹಗಲಿನಲ್ಲಿ ಇರಲಾಗದ್ದರಿಂದ ನಾವು ಗಣಿಯ ಮೇಲಿನ ಸುರಂಗಗಳಲ್ಲಿ ವಾಸವಾಗಿದ್ದೇವೆ. ಗೋಡೆಗಳಿಗೆ ಸುಣ್ಣ ಹೊಡೆದಿದೆ. ಬೆಳಗಿನ ಜಾವ ಮಾತ್ರ ಮೇಲೆ ಹೋಗಿ ಬಟ್ಟೆ ಹರವಿ, ರಾಗಿ ಕೇರಿ, ಬಿಸಿಲೇರುವ ಮೊದಲು ಇಳಿದುಬರುತ್ತೇವೆ. ಉಸಿರಾಡುವ ಗಾಳಿಯನ್ನು ಒಳಕ್ಕೆ ದೂಡುವುದು ಫ್ಯಾನುಗಳು. ಅವನ್ನೂ ಸುರಂಗಗಳ ಕಬ್ಬಿಣದ ಬಾಗಿಲುಗಳನ್ನೂ ನಡೆಸುವುದು ನಿಮ್ಮ ಕಾಲದವರು ಬರೆದ ಒಂದು ಪ್ರೋಗ್ರಾಮು. ಬೆಂಕಿ ಬಿದ್ದರೆ, ಜನರೆಲ್ಲ ಹೊರಬಂದ ಮೇಲೆ, ಅದು ಬಾಗಿಲುಗಳನ್ನು ಬಿಗಿಯಾಗಿ ಮುಚ್ಚಿ ಫ್ಯಾನು ನಿಲ್ಲಿಸುತ್ತದೆ. ಗಾಳಿಯಿಲ್ಲದೆ ಬೆಂಕಿ ಸಾಯುತ್ತದೆ. ಬಾಣಂತಿಯರ ಸುರಂಗ ಎಲ್ಲಕ್ಕಿಂತ ತುದಿಯಲ್ಲಿದೆ. ಬಾಣಂತಿಗೆ ಗಾಳಿ ಸೋಕಬಾರದೆಂದು ಅದಕ್ಕೆ ಒಂದೇ ಬಾಗಿಲು ಇಟ್ಟಿದ್ದಾರೆ. ನನ್ನ ತಂಗಿ ಚಂಪಕ ಹಸುಗೂಸಿನೊಂದಿಗೆ ಇರುವುದು ಅಲ್ಲಿ.

ಆ ಪ್ರೋಗ್ರಾಮನ್ನು ಮನುಷ್ಯರು ಓದುವ ಭಾಷೆಯಲ್ಲಿ ಬರೆದಿದ್ದರಂತೆ. ಆ ಬರಹ ಉಳಿದಿಲ್ಲ. ಕಂಪೈಲರ್ ಅದನ್ನು ಯಂತ್ರಕ್ಕಾಗಿ ಅಂಕಿಗಳನ್ನಾಗಿ ಮಾಡಿತ್ತಲ್ಲ, ಅವಷ್ಟೇ ಉಳಿದಿವೆ. ಅಂಕಿಗಳನ್ನು ಮತ್ತೆ ಓದುವಂತೆ ಮಾಡುವ ನಮ್ಮ ಉಪಕರಣಕ್ಕೆ ಬಿಡಿಸುಗ ಎನ್ನುತ್ತೇವೆ. ಗಮಕದ ಹಾಗೆ ಇಬ್ಬರು ಕೂರುತ್ತೇವೆ: ನಾನು ವಾಚಿಸುತ್ತೇನೆ, ಹಿರಿಯರಾದ ಪಾಪಣ್ಣ ಅರ್ಥ ಹೇಳುತ್ತಾರೆ. ಕಂಪೈಲರಿಗೆ ಅದರದೇ ಚಾಳಿಗಳಿದ್ದವು. ಅವನ್ನು ಬಿಡಿಸುಗ ತಪ್ಪೆಂದು ತಿಳಿದು ಕೂಗುತ್ತದೆ. ಆಗ ನಾವು ಒಂದು ಮಾಫಿ ಬರೆಯುತ್ತೇವೆ: ಇದು ಕಂಪೈಲರಿನ ಚಾಳಿ, ಇಲ್ಲಿ ಸುಮ್ಮನಿರು, ಎಂದು. ನಮ್ಮ ಹಿರಿಯರು ಬರೆದ ಮಾಫಿಗಳು ಸಾವಿರಾರು ಇವೆ.

ಅಂಥ ಒಂದು ಮಾಫಿ ‘ನಿಲ್ಲು’ ಎಂಬ ಆಜ್ಞೆಯದು. ಹಳೆಯ ಯಂತ್ರದಲ್ಲಿ ನಿಲ್ಲು ಎಂದರೆ ಎಲ್ಲವೂ ಇದ್ದ ಹಾಗೇ ನಿಂತುಬಿಡುವುದು, ಯಾರಾದರೂ ಹೋಗಿ ಹಿಡಿ ತಿರುಗಿಸುವವರೆಗೆ. ನಿಂತ ಮೇಲೆ ಹಿಂದಿರುಗುವುದಿಲ್ಲವಲ್ಲ ಎಂದು ಕಂಪೈಲರ್ ಅದರ ಮುಂದೆ ಎಲ್ಲಿಗೆ ಹೋಗಬೇಕೆಂಬ ದಾರಿಯನ್ನೇ ಹಾಕಲಿಲ್ಲ. ಅದಕ್ಕೆ ಒತ್ತಿಕೊಂಡಂತೆ, ಸಂಬಂಧವಿಲ್ಲದ ಬೇರೊಂದು ಕೆಲಸದ ಆಜ್ಞೆಗಳನ್ನು ಇಟ್ಟಿತು. ಬಿಡಿಸುಗ ಎರಡನ್ನೂ ಒಂದೇ ಎಂದು ಓದಿ ಕೂಗುತ್ತಿತ್ತು. ಹಿರಿಯರು ಮಾಫಿ ಬರೆದರು: ನಿಲ್ಲು ಕಂಡಲ್ಲಿ ಓದು ಮುಗಿಯಿತು.

ಆಮೇಲೆ ಪ್ರೋಗ್ರಾಮನ್ನು ಹೊಸ ಯಂತ್ರಕ್ಕೆ ವರ್ಗಾಯಿಸಿದರು. ಹೊಸ ಯಂತ್ರ ನಿಲ್ಲು ಎಂದರೆ ಒಂದು ಕ್ಷಣ ತಡೆದು ಹಿಂದಿರುಗುತ್ತದೆ. ಹಿಂದಿರುಗಿ ಪಕ್ಕದ ಕೆಲಸಕ್ಕೆ ಕಾಲಿಡುತ್ತದೆ. ಮಾಫಿಯನ್ನು ಸರಿಸಿ ನೋಡಿದೆ. ಪಕ್ಕದಲ್ಲಿದ್ದದ್ದು ಬಾಗಿಲು ಮುಚ್ಚಿ ಫ್ಯಾನು ನಿಲ್ಲಿಸುವ ಕೆಲಸ.

ಪಾಪಣ್ಣನವರಿಗೆ ತೋರಿಸಿದೆ. “ನೋಡಮ್ಮ, ಆ ಮಾಫಿ ಬರೆದೋರು ದಡ್ಡರಲ್ಲ,” ಎಂದರು. “ಅದನ್ನ ಕಿತ್ತರೆ ಬಿಡಿಸುಗ ಊರಿಗೆಲ್ಲ ಕೇಳೋ ಹಂಗೆ ಬಡ್ಕೊಳ್ತದೆ. ಆಮೇಲೆ ಕೂತು ಓದೋರ್ಯಾರು, ನಿಮ್ಮಪ್ಪನಾ?” ಆಮೇಲೆ ಮೆತ್ತಗೆ, “ತಂಗಿ ಒಳಗವಳೆ. ನಿಂಗೆ ಎಲ್ಲಾ ಬಾಗಿಲೂ ಮುಚ್ಚಿಕೊಂಡಂಗೆ ಕಾಣ್ತದೆ,” ಎಂದರು. ಪರೀಕ್ಷಿಸಿ ನೋಡೋಣವೆಂದರೆ ನಿಜವಾಗಿಯೂ ಯಂತ್ರಕ್ಕೆ ನಿಲ್ಲು ಎನ್ನಬೇಕು. ಅದಕ್ಕೆ ಊರಿನ ಸಭೆ ಒಪ್ಪಲಿಲ್ಲ. ನಾನಾದರೂ ಒಪ್ಪುತ್ತಿದ್ದೆನೇ?

ಗಾಳಿ ಅಳೆಯುವ ಎರಡು ಉಪಕರಣಗಳ ಲೆಕ್ಕ ಹೊಂದದಿದ್ದರೆ ಪ್ರೋಗ್ರಾಮು ನಿಲ್ಲು ಎನ್ನುತ್ತದೆ. ಯಂತ್ರ ಬದಲಾದ ಮೇಲೆ ಆ ಉಪಕರಣಗಳನ್ನು ಬದಲಿಸಿಲ್ಲ, ಅವುಗಳ ಲೆಕ್ಕ ಒಮ್ಮೆಯೂ ತಪ್ಪಿಲ್ಲ. ಬರುವ ಜ್ಯೇಷ್ಠದ ಪಾಡ್ಯದಂದು ಒಂದನ್ನು ತೆಗೆದು ಹೊಸದನ್ನು ಕೂರಿಸುತ್ತಾರೆ. ಅಂದು ಎರಡರ ಲೆಕ್ಕ ಹೊಂದುವುದು ಅನುಮಾನ.

ಬಾಣಂತಿಯರ ಬಾಗಿಲು ಪೂರ್ತಿ ಮುಚ್ಚದಂತೆ ಸಂದಿಗೆ ಒಂದು ಕಲ್ಲಿಟ್ಟೆ. ಅಲ್ಲಿ ನೋಡಿಕೊಳ್ಳುವ ಮುನೆಕ್ಕ ಅದನ್ನು ಎತ್ತಿ ಹೊರಗಿಟ್ಟಳು. ಮತ್ತೆ ಇಟ್ಟೆ. “ಮಿಷನ್ನು ಓದೋರಿಗೆ ಬಾಣಂತಿ ಸನ್ನಿ ಏನ್ ಗೊತ್ತಾಗ್ತದೆ ತಾಯಿ? ನಿನ್ ಕಲ್ಲು ನೀನೇ ಮಡೀಕೋ,” ಎಂದಳು. ಒಳಗಿನಿಂದ ಚಂಪಕ, “ಅಕ್ಕ, ಕಲ್ಲಿನ ಬದಲು ಕೊಬ್ಬರಿ ಉಂಡೆ ತಂದಿದ್ರೆ ತಿಂತಿದ್ದೆ,” ಎಂದು ನಕ್ಕಳು. ಹೊರಗೆ ಬಾ ಎಂದು ಬೇಡಿಕೊಂಡೆ. ಅವಳು ನಗುವುದನ್ನು ಬಿಟ್ಟು ಮಗುವಿನ ಕುಲಾವಿಯನ್ನು ಕಿವಿಯವರೆಗೂ ಎಳೆದಳು. “ಇವನಿಗೆ ಗಾಳಿ ಸೋಕಿ ಏನಾದ್ರೂ ಆದ್ರೆ, ನೀನು ಓದಿ ಸರಿಮಾಡ್ತೀಯಾ?” ಎಂದಳು. ಅವಳ ಭಯ ನನ್ನ ಭಯಕ್ಕಿಂತ ಹಳೆಯದು.

ನಿಮ್ಮಲ್ಲಿ ಕೇಳುವುದು ಇಷ್ಟೇ. ನೀವು ಆ ಪ್ರೋಗ್ರಾಮು ಬರೆಯುವವರಾಗಿದ್ದರೆ, ನಿಲ್ಲು ಎಂದು ಬರೆದ ಕಡೆಯಲ್ಲೆಲ್ಲ ಅದರ ಮುಂದೆ, ಒಂದು ವೇಳೆ ಹಿಂದಿರುಗಿದರೆ ಅಲ್ಲಿಯೇ ಸುತ್ತುತ್ತಿರು, ಪಕ್ಕಕ್ಕೆ ಹೋಗಬೇಡ, ಎಂದೂ ಬರೆಯಿರಿ. ಕಂಪೈಲರ್ ಅದನ್ನು ಅನಗತ್ಯವೆಂದು ಅಳಿಸಿಹಾಕುತ್ತದೆ. ಅಳಿಸಬೇಡ ಎಂದು ಅದಕ್ಕೂ ಹೇಳಿ. ಅಲ್ಲಿಗೆ ಯಾರೂ ಬರುವುದಿಲ್ಲ ಎಂದು ನಿಮಗೆ ಅನ್ನಿಸುತ್ತದೆ. ನಾವು ಬಂದಿದ್ದೇವೆ.

ಇವತ್ತು ಬೆಳಿಗ್ಗೆ ಪ್ರೋಗ್ರಾಮಿನ ಆ ಜಾಗವನ್ನು ಮತ್ತೆ ನೋಡಿದೆ. ಅಂಥ ಸಾಲು ಅಲ್ಲಿಲ್ಲ. ಈ ಕಾಗದ ನಿಮಗೆ ತಲುಪಲೇ ಇಲ್ಲವೋ, ತಲುಪಿಯೂ ನೀವು ನಂಬಲಿಲ್ಲವೋ, ಅಥವಾ ನಾನಿನ್ನೂ ಅಂಚೆಗೆ ಹಾಕಿಲ್ಲ ಎಂಬುದಷ್ಟೇ ಕಾರಣವೋ, ತಿಳಿಯದು. ಪಾಡ್ಯದ ದಿನ ಆ ಬಾಗಿಲಿನ ಹೊಸ್ತಿಲ ಮೇಲೆ ನಾನೇ ಕೂರುತ್ತೇನೆ. ನಡುವೆ ಮನುಷ್ಯರಿದ್ದರೆ ಬಾಗಿಲು ಮುಚ್ಚದೆ ತಡೆಯುತ್ತದೆಯೇ ಎಂದು ಪ್ರೋಗ್ರಾಮಿನಲ್ಲಿ ಓದಲು ಹೋದೆ. ಅಲ್ಲಿಯೂ ಒಂದು ಮಾಫಿ ಇದೆ. ಅದನ್ನು ಸರಿಸಿ ನೋಡುವ ಧೈರ್ಯವಾಗಲಿಲ್ಲ.

ಈ ಕಾಗದವನ್ನು ಪಾಡ್ಯದ ಹಿಂದಿನ ದಿನ, ೨೨೧೪ರ ಮೂರನೆಯ ವೈಶಾಖದ ಅಮಾವಾಸ್ಯೆಯಂದು, ಅಂಚೆಗೆ ಹಾಕುತ್ತೇನೆ.