ಒಂದು ಗಂಟೆ ಹತ್ತು ನಿಮಿಷ

ಅಕ್ಕಾ,

ವಾಂತಿಗೆಂದು ಇಟ್ಟಿರುವ ಕಾಗದದ ಚೀಲದ ಮೇಲೆ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ವಿಮಾನದ ಬಾಗಿಲು ಹಾಕಿ ಎರಡೂವರೆ ಗಂಟೆಯಾಯಿತು. ಹೊರಗೆ ಮಂಜು. ಹಾರಿಸುತ್ತಲೂ ಇಲ್ಲ, ಇಳಿಸುತ್ತಲೂ ಇಲ್ಲ. ನಾನು ನಡುವಿನ ಸೀಟಿನಲ್ಲಿದ್ದೇನೆ. ಎಡಕ್ಕೆ ಒಬ್ಬರ ಗೊರಕೆ, ಬಲಕ್ಕೆ ಒಬ್ಬ ಅಜ್ಜಿ. ಮೊಣಕೈ ಊರಲೂ ಜಾಗವಿಲ್ಲ.

ಅಜ್ಜಿ ನನ್ನ ಗುರುತು ಹಿಡಿದುಬಿಟ್ಟರು. "ನೀವು ಟಿಕೆಟ್ ಅಂಗಡಿಯವರಲ್ವಾ? ಒಂದು ಗಂಟೆ ಹತ್ತು ನಿಮಿಷ ಅಂದಿದ್ರಿ."

"ಅದು ಗಾಳಿಯಲ್ಲಿರೋ ಲೆಕ್ಕ ಅಜ್ಜಿ. ನೆಲದ ಮೇಲೆ ಕಾಯೋದನ್ನ ನಾವು ಹೇಳಲ್ಲ."

"ಹೇಳಿದ್ರೆ ಯಾರು ಹತ್ತುತಾರೆ, ಅಲ್ವಾ?" ಎಂದು ನಕ್ಕರು.

ಹನ್ನೊಂದು ವರ್ಷ ನಿನಗೂ ಅದನ್ನೇ ಮಾರಿದೆ. ಆರುನೂರ ನಲವತ್ತು ಕಿಲೋಮೀಟರ್, ಒಂದು ಗಂಟೆ ಹತ್ತು ನಿಮಿಷ, ಯಾವಾಗ ಬೇಕಾದರೂ ಬಂದುಬಿಡುತ್ತೇನೆ ಎಂದು. ಇಷ್ಟು ಹತ್ತಿರದ ಊರಿಗೆ ಅವಸರವೇನು ಎಂದುಕೊಂಡೆ. ಆಸ್ಪತ್ರೆಯಿಂದ ಫೋನ್ ಮಾಡಿದಾಗಲೂ ನೀನು ಕೇಳಿದ್ದು ಇಷ್ಟೇ: "ಎಷ್ಟು ಹೊತ್ತಾಗುತ್ತೋ ಬರೋಕೆ?" ನಾನು ಹೊತ್ತು ಹೇಳಿದೆ. ದಿನ ಹೇಳಲಿಲ್ಲ.

ಈಗ ನಿನ್ನ ಮನೆ ಖಾಲಿ ಮಾಡಲು ಹೊರಟಿದ್ದೇನೆ. ನೀನು ಹೋದ ಮೇಲೆ ಮನೆಯ ಮಾಲೀಕರು ಅಂಚೆಯಲ್ಲಿ ಕಳಿಸಿದ ಬೀಗದ ಕೈ ಜೇಬಿನಲ್ಲಿದೆ. ಬೆಲ್ಟ್ ಬಿಗಿದು ಕೂತಿರುವುದರಿಂದ ತೊಡೆಗೆ ಚುಚ್ಚುತ್ತಿದೆ, ತೆಗೆಯಲಾಗುತ್ತಿಲ್ಲ.

ಅಜ್ಜಿ ಮತ್ತೆ ಕೇಳಿದರು, "ಅಲ್ಲಿ ಯಾರಿದಾರೆ ನಿಮಗೆ?"

"ಅಕ್ಕ," ಎಂದುಬಿಟ್ಟೆ.

"ಹಾಗಾದ್ರೆ ತಡ ಆಗುತ್ತೆ ಅಂತ ಒಂದು ಫೋನ್ ಮಾಡಿಬಿಡಿ. ಪಾಪ, ಕಾಯ್ತಿರ್ತಾರೆ."

"ಅವಳಿಗೆ ಕಾದು ಅಭ್ಯಾಸ ಇದೆ ಅಜ್ಜಿ," ಎಂದೆ.